ಎದುರಿಗಿದ್ದವರೂ ನಮ್ಮವರೇ

ಮಂಗಳೂರಿನ ಬಾವುಟಗುಡ್ಡೆಯಲ್ಲಿ 2022ರ ನವೆಂಬರಿನಲ್ಲಿ 1837ರ ದಂಗೆಯ ಮುಂದಾಳು ಕೆದಂಬಾಡಿ ರಾಮಯ್ಯ ಗೌಡರ ಕಂಚಿನ ಪ್ರತಿಮೆ ಅನಾವರಣಗೊಂಡಿತು. ಅಲ್ಲಿಂದೀಚೆಗೆ ಕರಾವಳಿಯ ವೇದಿಕೆಗಳಲ್ಲಿ ಒಂದು ಮಾತು ಮಂತ್ರದ ಹಾಗೆ ಕೇಳಿಬರುತ್ತಿದೆ: 1857ಕ್ಕಿಂತ ಇಪ್ಪತ್ತು ವರ್ಷ ಮೊದಲೇ ನಾವು ಸ್ವಾತಂತ್ರ್ಯ ಸಂಗ್ರಾಮ ಹೂಡಿದ್ದೆವು, ಆದ್ದರಿಂದ ಮೊದಲ ಮಣೆ ನಮ್ಮದು. ಪ್ರತಿಮೆ ಬೇಕಿತ್ತು, ಬಂದದ್ದು ತಡವಾಯಿತು ಎನ್ನುವುದರಲ್ಲಿ ನನ್ನ ತಕರಾರಿಲ್ಲ. ತಕರಾರಿರುವುದು ಆ ಮಾತಿನ ಮೇಲೆ. ಅದು ಇತಿಹಾಸವನ್ನು ಓಟದ ಪಂದ್ಯ ಮಾಡುತ್ತದೆ. ಪಂದ್ಯವೇ ಆದರೆ, ವಿಟ್ಲದ ಹೆಗ್ಗಡೆ ಈಸ್ಟ್ ಇಂಡಿಯಾ ಕಂಪನಿಗೆ ತಿರುಗಿಬಿದ್ದು ಗಲ್ಲಿಗೇರಿದ್ದೂ ಬೆಳ್ತಂಗಡಿಯ ಗಡಾಯಿಕಲ್ಲಿನ ಜಮಲಾಬಾದ್ ಕೋಟೆಯನ್ನು ತಿಮ್ಮ ನಾಯಕ ಹಿಡಿದು ಕುಳಿತದ್ದೂ 1800ರಲ್ಲಿ. ಅಲ್ಲಿಗೆ 1837ರ ಸುಳ್ಯವು 1857ರ ದೂರದ ಮೀರತ್ತನ್ನು ಗೆದ್ದು ಪಕ್ಕದ ಬಂಟ್ವಾಳ, ಬೆಳ್ತಂಗಡಿಗಳಿಗೆ ಮೂವತ್ತೇಳು ವರ್ಷಗಳಿಂದ ಸೋಲುತ್ತದೆ. ಈ ಲೆಕ್ಕಾಚಾರದಿಂದ ಯಾರಿಗೂ ಏನೂ ತಿಳಿಯುವುದಿಲ್ಲ. ನನ್ನ ನಿಲುವನ್ನು ಮೊದಲೇ ಹೇಳಿಬಿಡುತ್ತೇನೆ. 1837ರ ಏಪ್ರಿಲಿನಲ್ಲಿ ಸುಳ್ಯದಿಂದ ಪುತ್ತೂರು, ಪಾಣೆಮಂಗಳೂರು, ಬಂಟ್ವಾಳಗಳ ದಾರಿ ಹಿಡಿದು ಮಂಗಳೂರಿಗಿಳಿದ ದಂಡು ಒಂದು ಅಂತರ್ಯುದ್ಧದ ದಂಡು. ಮೂರೇ ವರ್ಷಗಳ ಹಿಂದೆ ಒಬ್ಬನೇ ಅರಸನ ಪ್ರಜೆಗಳಾಗಿದ್ದವರು ಎರಡು ಪಾಳೆಯಗಳಾಗಿ, ಎರಡೂ ಕಡೆ ತಾವಾಗಿ ಹೊರಟು ನಿಂತ ಕದನ ಅದು. ಎದುರು ಪಾಳೆಯದಲ್ಲಿದ್ದವರನ್ನು ಅಳಿಸಿಹಾಕಿ ಈ ದಂಡಿಗೆ ಎಷ್ಟೇ ದೊಡ್ಡ ಹಾರ ಹಾಕಿದರೂ, ಅದರಲ್ಲಿ ನಡೆದವನ ನಿರ್ಧಾರಕ್ಕಿದ್ದ ತೂಕವನ್ನು ನಾವೇ ಇಳಿಸಿದಂತೆ.

ಜಗಳದ ಬೇರು ಒಂದು ಗಡಿರೇಖೆಯಲ್ಲಿದೆ. 1834ರ ಏಪ್ರಿಲಿನಲ್ಲಿ ಕಂಪನಿ ಸರಕಾರ ಕೊಡಗಿನ ಅರಸ ಚಿಕ್ಕವೀರರಾಜೇಂದ್ರನನ್ನು ಪಟ್ಟದಿಂದಿಳಿಸಿ ಕಾಶಿಗೆ ಕಳಿಸಿತು. ಅರಸನೊಬ್ಬ ಹೋದ ಎಂಬುದಕ್ಕಿಂತ ಅವನ ಸೀಮೆಯನ್ನು ಹೋಳು ಮಾಡಿದ ರೀತಿ ಮುಂದಿನದಕ್ಕೆಲ್ಲ ಕಾರಣವಾಯಿತು. ಘಟ್ಟದ ಮೇಲಿನ ಕೊಡಗು ಬೇರೆಯೇ ಪ್ರಾಂತ್ಯವಾಗಿ ಉಳಿಯಿತು. ಅಲ್ಲಿ ಜಮ್ಮಾ ಭೂಮಿಯ ಹಳೆಯ ಕಟ್ಟಳೆ, ಹಗುರವಾದ ಕಂದಾಯ, ಹಳೆಯ ದಿವಾನರು, ಹಳೆಯ ಮನೆತನಗಳ ಮರ್ಯಾದೆ ಎಲ್ಲವೂ ಹೆಚ್ಚುಕಡಿಮೆ ಇದ್ದ ಹಾಗೆಯೇ ಮುಂದುವರಿದವು. ಘಟ್ಟದ ಕೆಳಗಿನ ಅಮರ ಸುಳ್ಯ, ಪಂಜ, ಬೆಳ್ಳಾರೆ, ಪುತ್ತೂರಿನ ಭಾಗಗಳನ್ನು ಮಾತ್ರ ಕೊಡಗಿನಿಂದ ಕತ್ತರಿಸಿ ಮದ್ರಾಸು ಪ್ರಾಂತ್ಯದ ಕೆನರಾ ಜಿಲ್ಲೆಗೆ ಹೊಲಿದರು. ಅಲ್ಲಿಯ ತನಕ ಬೆಳೆದ ಭತ್ತದಲ್ಲೇ ಪಾಲು ಅಳೆದು ಕೊಡುತ್ತಿದ್ದ ಒಕ್ಕಲು ಈಗ ರೊಕ್ಕ ಎಣಿಸಬೇಕಾಯಿತು. ಭತ್ತ ಗದ್ದೆಯಲ್ಲಿ ಹುಟ್ಟುತ್ತದೆ, ರೊಕ್ಕ ಪೇಟೆಯಲ್ಲಿ ಹುಟ್ಟುತ್ತದೆ. ಎರಡರ ನಡುವೆ ವ್ಯಾಪಾರಿ, ಸಾಲ, ಬಡ್ಡಿ, ಧಾರಣೆಯ ಏರಿಳಿತ. ಮಳೆ ಕೈಕೊಟ್ಟ ವರ್ಷ ಪಾಲು ತಾನಾಗಿ ಕುಗ್ಗುತ್ತಿತ್ತು, ರೊಕ್ಕದ ಕಂದಾಯ ಕುಗ್ಗುವುದಿಲ್ಲ. ಇದರ ಮೇಲೆ ಉಪ್ಪು ಮತ್ತು ಹೊಗೆಸೊಪ್ಪಿನ ಮಾರಾಟ ಕಂಪನಿಯ ಏಕಸ್ವಾಮ್ಯದಲ್ಲಿತ್ತು. ಒಂದೇ ಸರಕಾರ, ಒಂದೇ ಹೊತ್ತಿನಲ್ಲಿ, ಒಂದೇ ಹಳೆಯ ರಾಜ್ಯದ ಎರಡು ತುಂಡುಗಳಿಗೆ ಎರಡು ಮುಖ ತೋರಿಸಿತು. ಮೇಲಿನವರಿಗೆ ಕಂಪನಿ ಸಹಿಸಬಹುದಾದ ಒಡೆಯ, ಕೆಳಗಿನವರಿಗೆ ಅಸಹನೀಯ ಹೊರೆ. ಅದೇ ರೇಖೆಯುದ್ದಕ್ಕೂ ಮೂರು ವರ್ಷಗಳ ಮೇಲೆ ಎರಡು ದಂಡುಗಳು ಎದುರುಬದುರಾದವು ಎಂಬುದನ್ನು ಕಾಕತಾಳೀಯವೆಂದು ನಾನು ಒಪ್ಪಲಾರೆ.

ದಂಡಿನಲ್ಲಿ ಯಾರಿದ್ದರು? ಬಹುಪಾಲು ಸುಳ್ಯ ಸೀಮೆಯ ಅರೆಭಾಷೆ ಗೌಡರು. ಮುಂದಾಳುಗಳಲ್ಲಿ ಕೆದಂಬಾಡಿ ರಾಮಯ್ಯ ಗೌಡ, ಕೂಜುಗೋಡು ಮಲ್ಲಪ್ಪ ಗೌಡ, ಗುಡ್ಡೆಮನೆ ಅಪ್ಪಯ್ಯ ಗೌಡರ ಜೊತೆಗೆ ಹುಲಿಕಡಿದ ನಂಜಯ್ಯ, ಪೆರಾಜೆಯ ಬೀರಣ್ಣ ಬಂಟ, ಕುರ್ತ ಕುಡಿಯರಂಥವರ ಹೆಸರುಗಳಿವೆ. ಗೌಡ, ಬಂಟ, ಕುಡಿಯ, ಜಂಗಮ, ಜೈನ ಅರಸು ಮನೆತನದವ, ಹೀಗೆ ಮದುವೆ ಮನೆಯಲ್ಲೂ ಒಂದೇ ಪಂಕ್ತಿಗೆ ಕೂರದವರು ಒಂದೇ ದಂಡಿನಲ್ಲಿ ನಡೆದರು. ಮಾರ್ಚ್ 30ರ ಸುಮಾರಿಗೆ ಆರಂಭವಾದ ಈ ದಂಗೆಯಲ್ಲಿ ಮೊದಲು ಪ್ರಾಣ ಕಳೆದುಕೊಂಡವನು ಯಾರು ಎಂಬುದನ್ನು ವೇದಿಕೆಯ ಭಾಷಣಕಾರರು ಅವಸರದಲ್ಲಿ ದಾಟಿಬಿಡುತ್ತಾರೆ. ಅವನು ಬಿಳಿಯನಲ್ಲ, ಕಂಪನಿಯ ಕೆಲಸದಲ್ಲಿದ್ದ ಅಟ್ಲೂರು ರಾಮಪ್ಪಯ್ಯ ಎಂಬ ಸ್ಥಳೀಯ ಅಧಿಕಾರಿ. ಆಮೇಲೆ ಬೆಳ್ಳಾರೆಯ ಖಜಾನೆ ದಂಡಿನ ವಶವಾಯಿತು. ಮಂಗಳೂರಿನಿಂದ ಪುತ್ತೂರಿಗೆ ಬಂದ ಕಂಪನಿಯ ಸಿಪಾಯಿಗಳು ಹಿಮ್ಮೆಟ್ಟಿದರು. ದಾರಿಯಲ್ಲಿ ನಂದಾವರದ ಲಕ್ಷ್ಮಪ್ಪ ಬಂಗರಸರು ಸೇರಿಕೊಂಡರು. ಏಪ್ರಿಲ್ 5ಕ್ಕೆ ದಂಡು ಮಂಗಳೂರಿನಲ್ಲಿತ್ತು, ಜಿಲ್ಲೆಯ ಅಧಿಕಾರಿಗಳು ಹಡಗು ಹತ್ತಿ ಕಣ್ಣಾನೂರಿಗೆ ಓಡಿದ್ದರು, ಬಾವುಟಗುಡ್ಡೆಯಲ್ಲಿ ಹೊಸ ಬಾವುಟ ಹಾರಿತು. ಹದಿಮೂರು ದಿನ ಆ ಆಳ್ವಿಕೆ ನಡೆಯಿತೆಂದು ನಾಡು ಹೇಳುತ್ತದೆ. ಒಂದು ವಾರವೂ ತುಂಬದ ನಡಿಗೆಯಲ್ಲಿ ಒಂದು ಜಿಲ್ಲೆಯ ರಾಜಧಾನಿಯನ್ನು ಹಿಡಿದ ಈ ದಂಡಿಗೆ ಸಂಬಳವಿರಲಿಲ್ಲ, ಸಮವಸ್ತ್ರವಿರಲಿಲ್ಲ, ಕವಾಯತು ಮಾಡಿ ಗೊತ್ತಿರಲಿಲ್ಲ. ಇದೆಲ್ಲ ದರೋಡೆಕೋರರ ಗುಂಪಿನ ಕೆಲಸವೆಂದು ಬರೆದಿಟ್ಟ ಕಂಪನಿಯ ಗುಮಾಸ್ತರಿಗೆ, ದರೋಡೆಕೋರರು ಲೂಟಿ ಮಾಡಿದ ಮೇಲೆ ಕಾಡಿಗೆ ಹೋಗುತ್ತಾರೆಯೇ ಹೊರತು ಕಚೇರಿಯೂರಿಗೆ ಬಂದು ಬಾವುಟ ಏರಿಸುವುದಿಲ್ಲ ಎಂಬಷ್ಟು ಉತ್ತರ ಸಾಕು.

ಅಷ್ಟು ಬೇಗ ಗೆದ್ದ ದಂಡು ಅಷ್ಟೇ ಬೇಗ ಕರಗಿದ್ದು ಯಾಕೆ? ಕಣ್ಣಾನೂರಿನಿಂದ ಬಂದ ಸೈನ್ಯ, ಒಳಗಿನವರ ದ್ರೋಹ ಎಂಬ ಎರಡು ಉತ್ತರಗಳು ಸಿದ್ಧವಾಗಿವೆ. ಮೊದಲನೆಯದು ನಿಜ, ಆದರೆ ಪೂರ್ತಿಯಲ್ಲ. ಎರಡನೆಯದು ಸೋತ ಪ್ರತಿಯೊಂದು ಯುದ್ಧಕ್ಕೂ ಒದಗುವ ಸಮಾಧಾನ. ನನಗೆ ಕಾಣುವ ಉತ್ತರ ಪಂಚಾಂಗದಲ್ಲಿದೆ. ಏಪ್ರಿಲ್ ಎಂದರೆ ತುಳುನಾಡಿನ ಬಿಸುವಿನ ಹೊತ್ತು. ಸುಗ್ಗಿಯ ಪೈರು ಮನೆ ಸೇರಿರುತ್ತದೆ. ಮಳೆಗಾಲದ ಏಣಿಲು ಬೆಳೆಗೆ ಗದ್ದೆ ಹದ ಮಾಡಲು ಇನ್ನೂ ಕೆಲವು ವಾರಗಳಿರುತ್ತವೆ. ಭೂತಾರಾಧನೆಯ ನೇಮ, ಕೋಲ, ಜಾತ್ರೆಗಳಿಗೆ ಜನ ಊರಿಂದೂರಿಗೆ ಓಡಾಡುವ ಕಾಲವೂ ಅದೇ. ಸುದ್ದಿ ಹಬ್ಬಲು, ಆಳು ಕೂಡಲು ಬೇರೆ ಏರ್ಪಾಡು ಬೇಕಿಲ್ಲ. ನೇತ್ರಾವತಿಯಲ್ಲಿ ನೀರು ಇಳಿದಿರುತ್ತದೆ. ಪಾಣೆಮಂಗಳೂರಿನಲ್ಲಿ ಆಗ ಸೇತುವೆ ಇರಲಿಲ್ಲ, ಪುತ್ತೂರಿನಿಂದ ಬಂದವರು ಅಲ್ಲಿ ಹೊಳೆ ದಾಟದೆ ಬಂಟ್ವಾಳ ಸೇರುವಂತಿಲ್ಲ. ಇದೇ ದಂಡು ಆಷಾಢದಲ್ಲಿ ಹೊರಟಿದ್ದರೆ ಅದರ ಚರಿತ್ರೆ ಮೆಲ್ಕಾರಿನ ಆಚೆಗೆ ಹೋಗುತ್ತಿರಲಿಲ್ಲ. ಆದರೆ ಅನುಕೂಲ ಮಾಡಿಕೊಟ್ಟ ಪಂಚಾಂಗವೇ ಗಡುವನ್ನೂ ವಿಧಿಸುತ್ತದೆ. ಮಳೆಗಾಲಕ್ಕೆ ಮುನ್ನಿನ ಪತ್ತನಾಜೆ ಹತ್ತಿರವಾದಂತೆ ಒಕ್ಕಲಿಗನ ಕಣ್ಣು ಮೂಡಣ ಘಟ್ಟದ ಮೋಡದ ಮೇಲಿರುತ್ತದೆ. ಬೀಜ, ಗೊಬ್ಬರ, ಕೋಣಗಳು ಅವನನ್ನು ಕರೆಯುತ್ತವೆ. ಸಂಬಳದ ಸಿಪಾಯಿಗೆ ಮಳೆಗಾಲ ಬಂದರೂ ಸಂಬಳ ಬರುತ್ತದೆ. ತಾನಾಗಿ ಬಂದವನು ಮಳೆಗಾಲಕ್ಕೆ ಮನೆಯಲ್ಲಿರಬೇಕು, ಇಲ್ಲವಾದರೆ ಮುಂದಿನ ವರ್ಷ ಅವನ ಮನೆಯೇ ಇರುವುದಿಲ್ಲ. ಇದು ನಮ್ಮವರಿಗೆ ಮಾತ್ರ ಅಂಟಿದ ದೌರ್ಬಲ್ಯವೂ ಅಲ್ಲ. ಅಮೆರಿಕದ ಅಂತರ್ಯುದ್ಧ 1861ರ ಏಪ್ರಿಲಿನಲ್ಲಿ ಶುರುವಾದಾಗ ಲಿಂಕನ್ 75,000 ಸ್ವಯಂಸೇವಕರನ್ನು ಕರೆದದ್ದು ಬರೀ ಮೂರು ತಿಂಗಳಿಗೆ. ಜುಲೈಯಲ್ಲಿ ಬುಲ್ ರನ್ ಕದನದ ಹೊತ್ತಿಗೆ ಪೆನ್ಸಿಲ್ವೇನಿಯದ ಒಂದು ರೆಜಿಮೆಂಟು ಮತ್ತು ನ್ಯೂಯಾರ್ಕಿನ ಒಂದು ಫಿರಂಗಿ ಪಡೆ ತಮ್ಮ ಅವಧಿ ಮುಗಿಯಿತೆಂದು ಹೊರಟುಬಿಟ್ಟವು. ಹಿಂದೆ ಶತ್ರುವಿನ ಫಿರಂಗಿ ಗುಡುಗುತ್ತಿತ್ತು, ಇವರು ಮನೆಯ ದಾರಿ ಹಿಡಿದಿದ್ದರು. ಅವರನ್ನು ಹೇಡಿಗಳೆಂದು ಬೈದವರಿದ್ದಾರೆ. ಆದರೆ ಸ್ವಂತ ಇಚ್ಛೆಯಿಂದ ಬಂದವನ ಶಕ್ತಿಯೂ ಮಿತಿಯೂ ಬೇರೆ ಬೇರೆ ಜಾಗದಲ್ಲಿ ಇರುವುದಿಲ್ಲ. ಇಚ್ಛೆ ಅವನನ್ನು ಕರೆದುತಂದಿತು, ಇಚ್ಛೆಯೇ ವಾಪಸು ಕಳಿಸಿತು.

ಇನ್ನು ಎದುರು ಪಾಳೆಯ. ಈ ಭಾಗವನ್ನು ಕರಾವಳಿಯ ಭಾಷಣಗಳು ಪೂರ್ತಿ ನುಂಗಿಬಿಡುತ್ತವೆ. ದಂಗೆಯ ಸುದ್ದಿ ಮಡಿಕೇರಿಗೆ ಮುಟ್ಟಿದಾಗ ಅಲ್ಲಿದ್ದ ಸೂಪರಿಂಟೆಂಡೆಂಟ್ ಕ್ಯಾಪ್ಟನ್ ಲೆ ಹಾರ್ಡಿಯ ಕೈಯಲ್ಲಿ ದೊಡ್ಡ ಸೈನ್ಯವೇನೂ ಇರಲಿಲ್ಲ. ಅವನನ್ನು ಉಳಿಸಿದ್ದು ಕೊಡವರು. ದಿವಾನ ಅಪ್ಪಾರಂಡ ಬೋಪು ತಮ್ಮ ಜನರನ್ನು ಕೂಡಿಸಿಕೊಂಡು ಘಟ್ಟವಿಳಿದು ಸುಳ್ಯದ ಕಡೆಗೆ ಬಂದರು. ದಿವಾನ ಚೆಪ್ಪುಡಿರ ಪೊನ್ನಪ್ಪನವರೂ ಕಂಪನಿಯ ಪರ ನಿಂತರು. ಅದೇ ಕಚೇರಿಯಲ್ಲಿದ್ದ ಇನ್ನೊಬ್ಬ ದಿವಾನ ಲಕ್ಷ್ಮೀನಾರಾಯಣ ದಂಗೆಕೋರರಿಗೆ ಒಳಗಿಂದೊಳಗೆ ಸಹಾಯ ಮಾಡಿದನೆಂಬ ಸಂಶಯದ ಮೇಲೆ ಸೆರೆಯಾದ. ಒಂದೇ ಕಚೇರಿಯ ದಿವಾನರಲ್ಲೇ ಒಬ್ಬನಿಗೆ ಸೆರೆಮನೆ, ಉಳಿದವರಿಗೆ ಗೌರವ. ಕೊಡವ ವೀರರಿಗೆ ಕಂಪನಿ ಆಮೇಲೆ ಚಿನ್ನದ ಮತ್ತು ಬೆಳ್ಳಿಯ ಪದಕಗಳನ್ನು ಹೊಯ್ಯಿಸಿ ಕೊಟ್ಟಿತು. ಆ ಪದಕದ ಒಂದು ಬದಿಯಲ್ಲಿ ಕತ್ತಿ, ಕೋವಿ ಹಿಡಿದ ಕೊಡವ ಯೋಧನ ಚಿತ್ರವಿದೆ, ಸುತ್ತ ಬರಹವಿದೆ. ಇನ್ನೊಂದು ಬದಿಯದು ಇಂಗ್ಲಿಷ್. ಚಿತ್ರದ ಬದಿಯದು ಕನ್ನಡ. ದಂಗೆ ಅಡಗಿಸುವಲ್ಲಿ ತೋರಿದ ನಿಷ್ಠೆಗೆ ಮೆಚ್ಚುಗೆ ಎಂದು ಕನ್ನಡ ಲಿಪಿಯಲ್ಲಿ ಕೆತ್ತಿದ ಪದಕವನ್ನು ಧರಿಸಿದವರು ಯಾರ ವಿರುದ್ಧ ಹೋರಾಡಿ ಅದನ್ನು ಪಡೆದರು? ಕನ್ನಡದ್ದೇ ಒಂದು ಬಗೆಯಾದ ಅರೆಭಾಷೆಯಾಡುವ, ಮೂರು ವರ್ಷದ ಹಿಂದೆ ಅದೇ ಮಡಿಕೇರಿಗೆ ಕಂದಾಯ ಸಲ್ಲಿಸುತ್ತಿದ್ದ ಜನರ ವಿರುದ್ಧ. ಅಂತರ್ಯುದ್ಧ ಎಂಬುದಕ್ಕೆ ಇದಕ್ಕಿಂತ ಗಟ್ಟಿಯಾದ ಸಾಕ್ಷಿ ಬೇಕೆನ್ನುವವರಿಗೆ ನಾನು ಏನು ಕೊಡಲಿ?

ಅವರು ಹಾಗೆ ನಿಂತದ್ದು ಪದಕದ ಆಸೆಗೆ ಎನ್ನುವುದು ಅಗ್ಗದ ಮಾತು. ಪದಕ ಬಂದದ್ದು ಕೆಲಸವಾದ ಮೇಲೆ. ಕಾರಣ ಹುಡುಕಬೇಕಾದದ್ದು ದಂಗೆಯ ಘೋಷಣೆಯಲ್ಲಿಯೇ. ದಂಡು ಹೊರಟದ್ದು ಕೊಡಗನ್ನು ಆಳಿದ ಹಾಲೇರಿ ವಂಶದ ಹೆಸರಿನಲ್ಲಿ. ಅರಸು ಮನೆತನದ ಉತ್ತರಾಧಿಕಾರಿ ತಾನೆಂದು ಮೊದಲು ಅಪರಾಂಪರ, ಆಮೇಲೆ ಕಲ್ಯಾಣಸ್ವಾಮಿ ಕಾಣಿಸಿಕೊಂಡರು. ಇಬ್ಬರೂ ಕಂಪನಿಯ ಕೈಗೆ ಸಿಕ್ಕಿದ ಮೇಲೆ ಪುಟ್ಟಬಸಪ್ಪ ಎಂಬ ತರುಣ ಕಲ್ಯಾಣಸ್ವಾಮಿಯ ವೇಷ ಹೊತ್ತ. ಈಗ ಕೊಡಗಿನ ಹಿರಿಯನೊಬ್ಬನ ಜಾಗದಲ್ಲಿ ನಿಂತು ನೋಡಿ. ಚಿಕ್ಕವೀರರಾಜೇಂದ್ರನ ಕಾಲದ ಕೊಲೆಗಳು ಅವನಿಗೆ ಕೇಳಿದ ಕತೆಯಲ್ಲ, ಪಕ್ಕದ ಮನೆಯಲ್ಲಿ ನಡೆದದ್ದು. ಸ್ವಂತ ಬಂಧುಗಳನ್ನೂ ಬಿಡದ ಅರಸನ ವಂಶ ಮತ್ತೆ ಬರುತ್ತದೆ, ಬಾ ಎಂದು ಕರೆದರೆ ಅವನು ಯಾಕೆ ಹೋಗಬೇಕು? ಸುಳ್ಯದವನಿಗೆ ಹಾಲೇರಿಯ ಹೆಸರು ಭತ್ತದ ಪಾಲಿನ ಹಳೆಯ ಕಾಲವನ್ನು ನೆನಪಿಸಿದರೆ, ಮಡಿಕೇರಿಯವನಿಗೆ ಅದೇ ಹೆಸರು ಅರಮನೆಯ ಹಿತ್ತಿಲನ್ನು ನೆನಪಿಸಿತು. ಒಂದೇ ವಂಶ ಒಬ್ಬನಿಗೆ ನೆರಳಾಗಿಯೂ ಇನ್ನೊಬ್ಬನಿಗೆ ಭಯವಾಗಿಯೂ ಇದ್ದದ್ದು ಅವರವರ ಅನುಭವದಿಂದ. ಇಬ್ಬರದೂ ಸುಳ್ಳಲ್ಲ.

ಇಲ್ಲಿ ಒಂದು ಆಕ್ಷೇಪ ಬರುತ್ತದೆ, ಅದನ್ನು ನಾನು ಗೌರವಿಸುತ್ತೇನೆ. ಅಂತರ್ಯುದ್ಧವೆಂದರೆ ಎರಡು ಪಕ್ಷಗಳೂ ಆ ಮಣ್ಣಿನವೇ ಆಗಿರಬೇಕು. ಇಲ್ಲಿ ಒಂದು ಪಕ್ಷದ ಬೆನ್ನ ಹಿಂದೆ ಸಮುದ್ರದಾಚೆಯ ವ್ಯಾಪಾರಿ ಕಂಪನಿ ಇತ್ತು. ಎರಡನ್ನೂ ಒಂದೇ ತಕ್ಕಡಿಯಲ್ಲಿಟ್ಟರೆ ಆಕ್ರಮಣಕಾರನ ಅಪರಾಧವೇ ಮಾಯವಾಗುತ್ತದೆ, ಉಳಿಯುವುದು ಅಣ್ಣತಮ್ಮಂದಿರ ಜಗಳ ಮಾತ್ರ. ವಸಾಹತುಶಾಹಿಯ ಚರಿತ್ರೆಕಾರರು ಈ ಆಟವನ್ನು ಬೇಕಾದಷ್ಟು ಆಡಿದ್ದಾರೆ. ಆದ್ದರಿಂದ ಈ ಎಚ್ಚರಿಕೆ ಹುಸಿಯಲ್ಲ. ಆದರೆ ಇದರಿಂದ ಹೊರಡುವ ತೀರ್ಮಾನವನ್ನು ಒಪ್ಪಲಾರೆ. ಕಂಪನಿಯ ಅಪರಾಧ ಬಾವುಟಗುಡ್ಡೆಯಲ್ಲಿ ಕಾಣುವುದಕ್ಕಿಂತ ಹೆಚ್ಚಾಗಿ ಕಾಣುವುದು ಆ ಗಡಿರೇಖೆಯಲ್ಲಿ. ಒಂದು ಜನಸಮೂಹವನ್ನು ಎರಡು ಕಂದಾಯ ಪದ್ಧತಿಗಳ ಕೆಳಗೆ ಹಂಚಿ, ಒಂದು ಹೋಳಿನ ಜನರನ್ನು ಇನ್ನೊಂದು ಹೋಳಿನ ಮೇಲೆ ಬಿಡುವ ಆಡಳಿತವೇ ಅದರ ನಿಜವಾದ ಅಪರಾಧ. ಅಂತರ್ಯುದ್ಧವೆಂದು ಒಪ್ಪಿದರೆ ಮಾತ್ರ ಈ ಅಪರಾಧ ಪೂರ್ತಿಯಾಗಿ ಕಣ್ಣಿಗೆ ಬೀಳುತ್ತದೆ. ದೇಶಭಕ್ತರು ಮತ್ತು ಬ್ರಿಟಿಷರು ಎಂಬ ಎರಡೇ ಪಾತ್ರಗಳ ನಾಟಕದಲ್ಲಿ ಕಂಪನಿ ಬರೀ ಬಂದೂಕು ಹಿಡಿದ ಖಳನಾಯಕ. ಬಂದೂಕಿಗಿಂತ ಅಪಾಯಕಾರಿಯಾದ ಅದರ ಲೆಕ್ಕದ ಪುಸ್ತಕ ರಂಗಕ್ಕೇ ಬರುವುದಿಲ್ಲ.

ಎರಡನೆಯ ಆಕ್ಷೇಪ ಇನ್ನೂ ಒಳಗಿನದು: ಸ್ವಯಂಸೇವಕರು ಎನ್ನುತ್ತೀರಲ್ಲ, ಆ ಕಾಲದಲ್ಲಿ ಅಂಥವನು ಇದ್ದನೇ? ಬಂಗಾಡಿಯಿಂದ ನಂದಾವರದವರೆಗೆ ಆಳಿದ್ದ ಬಂಗರಿಗೆ, ಮೂಡುಬಿದಿರೆಯ ಚೌಟರಿಗೆ, ವೇಣೂರಿನ ಅಜಿಲರಿಗೆ ಅರಸುತನ ಹೋಗಿದ್ದರೂ ಅವರ ಚಾವಡಿಯ ಮಾತಿಗೆ ಊರಿನಲ್ಲಿ ಬೆಲೆ ಹೋಗಿರಲಿಲ್ಲ. ಗುತ್ತಿನ ಯಜಮಾನ ಕರೆದಾಗ ಚಾಲಗೇಣಿಯ ಒಕ್ಕಲು ಬರುವುದಿಲ್ಲ ಎನ್ನಬಲ್ಲನೇ? ಅಂದರೆ ಮುಂದಿನ ವರ್ಷ ಗದ್ದೆ ಯಾರಿಗೆ? ಕೊಡಗಿನಲ್ಲೂ ಜಮ್ಮಾ ಭೂಮಿಗೆ ಕಂದಾಯ ಹಗುರವಾಗಿದ್ದದ್ದು ಪುಕ್ಕಟೆಯಲ್ಲ. ಕರೆ ಬಂದಾಗ ಆಯುಧ ಹಿಡಿದು ಬರುವ ಋಣ ಅದರ ಜೊತೆಗೇ ಅಂಟಿಕೊಂಡಿತ್ತು. ಹೀಗಿರುವಾಗ ಎರಡೂ ಕಡೆಯವರು ಋಣದ ಆಳುಗಳೇ ಹೊರತು ಸ್ವತಂತ್ರರಲ್ಲ ಎಂಬ ವಾದದಲ್ಲಿ ಸತ್ವವಿದೆ. ಆದರೆ ಇದನ್ನು ಕೊನೆಯವರೆಗೂ ಎಳೆದರೆ ಬಡವನಿಗೆ ಬುದ್ಧಿಯೇ ಇರಲಿಲ್ಲ ಎಂಬಲ್ಲಿಗೆ ಬಂದು ನಿಲ್ಲುತ್ತದೆ; ಆಗ ನನಗೆ ಸಿಟ್ಟು ಬರುತ್ತದೆ. ಯಜಮಾನನ ಕರೆ ಬಂದರೂ ಜ್ವರವೆಂದು ಚಾಪೆ ಹಿಡಿಯಲು, ಹೆಂಡತಿಯ ತವರೂರಿಗೆ ಹೋಗಿ ಕೂರಲು, ಅರ್ಧ ದಾರಿಯಲ್ಲಿ ಕಾಡಿಗೆ ನುಸುಳಲು ಒಕ್ಕಲಿಗೆ ಯಾರೂ ಕಲಿಸಿಕೊಡಬೇಕಿರಲಿಲ್ಲ. ಬರೀ ಬೆದರಿಕೆಯಿಂದ ಕೂಡಿಸಿದ ಗುಂಪು ತರಬೇತಾದ ಸಿಪಾಯಿಗಳ ಎದುರಿಗೆ ಪುತ್ತೂರಿನಲ್ಲಿ ನಿಲ್ಲುವುದಿಲ್ಲ. ಅದಲ್ಲದೆ, ಯಾವ ಯುದ್ಧದ ಸ್ವಯಂಸೇವಕ ಒಂಟಿಯಾಗಿ ಕೂತು ಯೋಚಿಸಿ ಬಂದಿದ್ದಾನೆ? ಅಮೆರಿಕದ ರೆಜಿಮೆಂಟುಗಳೂ ಊರೂರಿನ ಲೆಕ್ಕದಲ್ಲೇ ಕಟ್ಟಿದವು; ಊರಿನ ವಕೀಲನೋ ವ್ಯಾಪಾರಿಯೋ ಕ್ಯಾಪ್ಟನ್ ಆಗುತ್ತಿದ್ದ, ಅವನ ಹಿಂದೆ ಊರ ಹುಡುಗರು. ನಾಚಿಕೆ, ಸಾಲ, ಗೆಳೆತನ, ಅಣ್ಣ ಹೋದನಲ್ಲ ಎಂಬ ಹಟ, ಇವೆಲ್ಲವೂ ಇಚ್ಛೆಯೊಳಗೇ ಇರುತ್ತವೆ. ಋಣ ಅವನನ್ನು ಬಾಗಿಲ ತನಕ ತಂದಿರಬಹುದು. ಹೊಸ್ತಿಲು ದಾಟಿದ್ದು ಅವನದೇ ಕಾಲು.

ಇದು ರೈತ ಬಂಡಾಯ, ಅರಸರ ಹೆಸರು ಬರೀ ಹೊದಿಕೆ ಎನ್ನುವವರೂ ಇದ್ದಾರೆ. ಅವರ ಬಳಿ ಒಳ್ಳೆಯ ಪುರಾವೆಯಿದೆ. 1830-31ರಲ್ಲಿಯೇ ಕೆನರಾದ ರೈತರು ಕೂಟಗಳನ್ನು ಕಟ್ಟಿ ಕಂದಾಯ ಕೊಡುವುದಿಲ್ಲವೆಂದು ನಿಂತಿದ್ದರು. ಬೆಳೆಯ ಧಾರಣೆ ಕುಸಿದಿದೆ, ಈ ಹೊರೆ ಹೊರಲಾರೆವು ಎಂಬುದು ಅವರ ಅಹವಾಲು. ಅದೇ ಹೊತ್ತಿಗೆ ಘಟ್ಟದಾಚೆ ಮೈಸೂರಿನ ನಗರ ಸೀಮೆಯೂ ಹೊತ್ತಿಕೊಂಡಿತ್ತು. ಆ ಕೂಟಗಳಲ್ಲಿ ಅರಸನಿಲ್ಲ, ವಂಶವಿಲ್ಲ, ಬಾವುಟವಿಲ್ಲ. ಅರ್ಜಿ ಬರೆದು, ಊರೂರಿಗೆ ಓಲೆ ಕಳಿಸಿ, ಕೈಕಟ್ಟಿ ಕೂತ ಜನ. 1837ರ ದಂಡಿಗೆ ಹಾದಿ ಹಾಕಿದ್ದು ಈ ಕೂಟಗಳೇ ಎಂದರೆ ಒಪ್ಪಬಹುದು. ಆದರೂ ರೈತ ಬಂಡಾಯದ ವಾದ ಒಂದು ಕಡೆ ಎಡವುತ್ತದೆ. ಎದುರಿಗೆ ಬಂದ ಕೊಡವನೂ ಗದ್ದೆ ಉಳುವವನೇ. ವರ್ಗವೊಂದೇ ಕಾರಣವಾಗಿದ್ದರೆ ಆ ಉಳುವವನು ಈ ಉಳುವವನ ಮೇಲೆ ಕೋವಿ ಎತ್ತಿದ್ದು ಯಾಕೆಂದು ಹೇಳಬೇಕಾಗುತ್ತದೆ. ಅವನು ಮೋಸಹೋದ ಎಂಬ ಉತ್ತರ ನನಗೆ ಸಾಲದು. ತನಗಿರುವ ಹಗುರ ಕಂದಾಯದ ಜಮ್ಮಾ ಭೂಮಿಯನ್ನು ಉಳಿಸಿಕೊಳ್ಳಲು ಅವನು ಬಂದ, ಕಳೆದುಕೊಂಡ ಕಟ್ಟಳೆಯನ್ನು ಮರಳಿ ಪಡೆಯಲು ಇವನು ಹೊರಟ. ಇಬ್ಬರ ಗಣಿತವೂ ಮಣ್ಣಿನದೇ.

ಹಾಗಾದರೆ ಪುಟ್ಟಬಸಪ್ಪನ ವೇಷ? ಸುಳ್ಳು ಅರಸನ ಹಿಂದೆ ನಡೆದ ದಂಡಿನ ತ್ಯಾಗ ಎಷ್ಟರಮಟ್ಟಿಗೆ ನಿಜ ಎಂದು ಕೇಳುವವರು ಇದ್ದಾರೆ. ಮುಂದಾಳುಗಳಿಗೆ ಆ ಗುಟ್ಟು ಗೊತ್ತಿತ್ತು, ಅದನ್ನು ಹೆಣೆದವರೇ ಅವರು. ಸಾಲಿನಲ್ಲಿ ನಡೆದವರಲ್ಲಿ ಎಷ್ಟು ಮಂದಿ ನಂಬಿದ್ದರೆಂದು ಅಳೆಯುವ ಸೇರು ನಮ್ಮಲ್ಲಿಲ್ಲ. ಆದರೆ ಯುದ್ಧಗಳು ತಮ್ಮ ಬಗ್ಗೆ ತಾವು ಹೇಳಿಕೊಳ್ಳುವ ಕಾರಣ ಬೇರೆ, ಯೋಧನನ್ನು ಸಾಲಿನಲ್ಲಿ ನಿಲ್ಲಿಸುವ ಕಾರಣ ಬೇರೆ. ಭೂತದ ಮುಡಿಯೊಳಗೆ ಯಾರಿದ್ದಾರೆಂದು ನೇಮಕ್ಕೆ ಕೂಡಿದ ಊರಿಗೆಲ್ಲ ಗೊತ್ತು. ಆದರೂ ಆ ರಾತ್ರಿ ಕೊಟ್ಟ ನುಡಿ ವ್ಯಾಜ್ಯ ತೀರಿಸುತ್ತದೆ. ಕಲ್ಯಾಣಸ್ವಾಮಿಯ ಹೆಸರೂ ಹಾಗೆಯೇ ಕೆಲಸ ಮಾಡಿರಬಹುದು ಎಂಬುದು ನನ್ನ ಊಹೆ. ಇಷ್ಟಂತೂ ಊಹೆಯಲ್ಲ: ಆ ಹೆಸರಿಗೆ ಪುಟ್ಟಬಸಪ್ಪ ಪೂರ್ತಿ ಬೆಲೆ ತೆತ್ತ. ಮಂಗಳೂರಿನ ಬಿಕರ್ನಕಟ್ಟೆಯಲ್ಲಿ ಅವನನ್ನೂ ಲಕ್ಷ್ಮಪ್ಪ ಬಂಗರಸರನ್ನೂ ನೇಣಿಗೇರಿಸಿದರು. ಗುಡ್ಡೆಮನೆ ಅಪ್ಪಯ್ಯ ಗೌಡರಿಗೆ 1837ರ ಅಕ್ಟೋಬರ್ 31ರಂದು ಮಡಿಕೇರಿಯ ಕೋಟೆಯಲ್ಲಿ ಗಲ್ಲು. ಕಂಪನಿ ಗಲ್ಲಿನ ಜಾಗಗಳನ್ನೂ ಲೆಕ್ಕ ಹಾಕಿಯೇ ಆರಿಸಿದಂತಿದೆ: ಒಂದು ಕೆಳಗಿನವರಿಗೆ ಪಾಠವಾಗಲೆಂದು, ಇನ್ನೊಂದು ಮೇಲಿನವರು ಮರೆಯದಿರಲೆಂದು.

ಕನ್ನಡದ ಭಾಷಣಗಳಿಗೆ ಸಾಧ್ಯವಾಗದ್ದು ಕನ್ನಡದ ಕಾದಂಬರಿಗೆ ಎಂದೋ ಸಾಧ್ಯವಾಗಿದೆ. ಕುಳ್ಕುಂದದಲ್ಲಿ ಹುಟ್ಟಿದ ನಿರಂಜನರು 'ಕಲ್ಯಾಣಸ್ವಾಮಿ' ಬರೆದು ದಂಡಿನ ಕಡೆಯಿಂದ ಈ ಕತೆ ಹೇಳಿದರು. ಮಾಸ್ತಿಯವರು 'ಚಿಕವೀರ ರಾಜೇಂದ್ರ'ದಲ್ಲಿ 1834ರ ಪತನವನ್ನು ಹೇಳುವಾಗ ಮಂತ್ರಿ ಬೋಪಣ್ಣನನ್ನು ದ್ರೋಹಿಯ ಗೊಂಬೆಯಾಗಿಸದೆ, ದುಷ್ಟ ಅರಸನಿಗೂ ಪರಕೀಯ ಒಡೆಯನಿಗೂ ನಡುವೆ ಸಿಕ್ಕಿಬಿದ್ದ ಮನುಷ್ಯನಾಗಿ ಬಿಡಿಸಿದರು. ಎರಡನ್ನೂ ಓದಿದ ಕನ್ನಡಿಗನಿಗೆ ಯಾವುದೋ ಒಂದನ್ನು ಸುಡಬೇಕೆಂದು ಅನಿಸಿಲ್ಲ. ಇತಿಹಾಸದ ಪಠ್ಯಕ್ಕೆ ಮತ್ತು ಸರಕಾರದ ಸ್ಮಾರಕಕ್ಕೆ ಮಾತ್ರ ಯಾಕೆ ಈ ಧೈರ್ಯವಿಲ್ಲ? 1857ನ್ನೇ ನೋಡಿ, ಅದನ್ನು ಅಡಗಿಸಿದವರಲ್ಲಿ ಸಿಖ್ಖರೂ ಗೂರ್ಖರೂ ಇದ್ದರೆಂದು ಹೇಳಿದ ಮಾತ್ರಕ್ಕೆ ಝಾನ್ಸಿಯ ರಾಣಿಯ ಗೌರವ ಕಡಿಮೆಯಾಗಿಲ್ಲ.

ಕೊನೆಗೆ ಉಳಿಯುವುದು ಸಂಭಾವಿತರ ಒಂದು ಅಂಜಿಕೆ. ಬೋಪುವಿನ ಹೆಸರೆತ್ತಿದರೆ ಕೊಡವ, ಗೌಡ ಎಂಬ ಹಳೆಯ ಗಾಯ ಕೆರೆದಂತಾಗುತ್ತದೆ, ಸುಮ್ಮನಿರುವುದೇ ಲೇಸು ಎನ್ನುತ್ತಾರೆ. ಸುಮ್ಮನಿದ್ದು ಏನಾಯಿತು? ಪುಸ್ತಕದಲ್ಲಿ ಇಲ್ಲದ್ದು ಜಗಲಿಯ ಮಾತಿಗಿಳಿದು, ಅಲ್ಲಿ ಕಾರಣಗಳೆಲ್ಲ ಉದುರಿ, ಬರೀ ದ್ರೋಹಿ, ಲೂಟಿಕೋರ ಎಂಬ ಎರಡು ಬೈಗುಳಗಳು ಉಳಿದಿವೆ. ಒಂದು ಕಡೆಯವರು ಇನ್ನೊಬ್ಬರ ಅಜ್ಜನಿಗೆ ದ್ರೋಹಿ ಎನ್ನುತ್ತಾರೆ, ಅವರು ಇವರ ಅಜ್ಜನಿಗೆ ಲೂಟಿಕೋರ ಎನ್ನುತ್ತಾರೆ. ಭತ್ತದ ಪಾಲು, ರೊಕ್ಕದ ಕಂದಾಯ, ಜಮ್ಮಾ ಭೂಮಿಯ ಋಣ, ಹಾಲೇರಿ ಅರಮನೆಯ ಭಯ, ಇವನ್ನೆಲ್ಲ ಸೇರಿಸಿ ಕತೆ ಹೇಳಿದರೆ ಎರಡೂ ಬೈಗುಳಗಳಿಗೆ ಆಧಾರ ತಪ್ಪುತ್ತದೆ. ಬಾವುಟಗುಡ್ಡೆಗೆ ಬಂದ ಶಾಲೆಯ ಮಕ್ಕಳಿಗೆ ಕೆದಂಬಾಡಿ ರಾಮಯ್ಯ ಗೌಡರು ಯಾರೆಂದು ಹೇಳುವ ಮೇಷ್ಟರು, ಅವರೆದುರಿಗೆ ಘಟ್ಟವಿಳಿದು ಬಂದವರು ಯಾರು, ಯಾಕೆ ಬಂದರು ಎಂದೂ ಹೇಳಲಿ. ಅದಕ್ಕೆ ಇನ್ನೂ ಹತ್ತು ನಿಮಿಷ ಬೇಕಾಗುತ್ತದೆ, ಅಷ್ಟೇ.